ಕಟಕೋಳದ ಕರಿ ಕಾರು

ಬೈಲಹೊಂಗಲ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದ ಅಂದಾನೆಪ್ಪನವರಿಗೆ ಕಾರುಗಳ ವಿಷಯದಲ್ಲಿ ತಿಳಿದಿದ್ದುದು ಇಷ್ಟೇ: ಅವು ಬಸ್ಸಿಗಿಂತ ಸಣ್ಣವು, ಮತ್ತು ಅವಕ್ಕೆ ಟೈಮ್ ಟೇಬಲ್ ಇರುವುದಿಲ್ಲ. ಸ್ವಂತ ವಾಹನವೆಂದರೆ ಒಂದು ಸೈಕಲ್ಲು. ಅದರ ಕಂಪನಿಯ ಹೆಸರು ಯಾರಾದರೂ ಕೇಳಿದರೆ ಬಗ್ಗಿ ನೋಡಿಯೇ ಹೇಳಬೇಕಾಗಿತ್ತು. ಇಂಥವರು ಅಮೇರಿಕದ ಹಳೆ ಕಾರುಗಳ ಮಹಾ ಪಂಡಿತರೆಂದು ಹೆಸರಾದದ್ದು ೧೯೯೮ರ ಜನವರಿಯಲ್ಲಿ, ಕಿತ್ತೂರಿನ ಹೈವೇ ಪಕ್ಕದ ಒಂದು ಚಹಾದಂಗಡಿಯ ಮುಂದೆ.

ಅಂದು ಅವರು ಸಂಬಂಧಿಕರೊಬ್ಬರನ್ನು ಮಾತಾಡಿಸಿ ಹಿಂದಿರುಗಲು ಬಸ್ಸಿಗೆ ಕಾಯುತ್ತಿದ್ದರು. ಆಗ ಮುಂಬಯಿಯಿಂದ ಬೆಂಗಳೂರಿಗೆ ಹೊರಟಿದ್ದ ಹಳೆ ಕಾರುಗಳ ಒಂದು ಸಾಲು ಬಂದು ಚಹಾಕ್ಕೆ ನಿಂತಿತು. ಎಲ್ಲಕ್ಕಿಂತ ಮುಂದಿದ್ದ ಹಸಿರು ಕಾರು ನೀರಿಗಿಳಿದ ಎಮ್ಮೆಯ ಹಾಗೆ ಉದ್ದಕ್ಕೂ ಅಗಲಕ್ಕೂ ಹರಡಿಕೊಂಡಿತ್ತು. ಕಿತ್ತೂರಿನ ಜನ ಸುತ್ತ ನೆರೆದರು.

"ಅಂಬಾಸಡರ್ ಐತಿ, ಸ್ವಲ್ಪ ಬಾತೈತಿ," ಎಂದ ಒಬ್ಬ.

ಅಂದಾನೆಪ್ಪನವರು ಹೋಟೆಲಿನ ಹಿಂದೆ ಹೋಗಬೇಕಾದ ಕೆಲಸಕ್ಕೆ ಹೋಗಿ, ಕಾರುಗಳ ಹಿಂಬದಿಯಿಂದ ಮರಳಿ ಬಂದರು. ಮೂವತ್ತು ವರ್ಷ ಬಸ್ಸಿನ ಬೋರ್ಡು ಓದಿದ ಕಣ್ಣು. ಹಸಿರು ಕಾರಿನ ಡಿಕ್ಕಿಯ ಮೇಲಿದ್ದ ಬೆಳ್ಳಿ ಬಣ್ಣದ ಅಕ್ಷರಗಳನ್ನು ತಾನಾಗಿ ಓದಿತು. ಮುಂದೆ ಬಂದು ಕೈ ಹಿಂದೆ ಕಟ್ಟಿ ನಿಂತು, "ಪ್ಲಿಮತ್. ಅಮೇರಿಕಾದ್ದು," ಎಂದರು. ಅಮೇರಿಕ ಎಂಬುದನ್ನು ಸ್ವಂತ ಬುದ್ಧಿಯಿಂದ ಸೇರಿಸಿದ್ದರು. ಅಷ್ಟು ಉದ್ದದ್ದು ಬೇರೆಲ್ಲಿಂದ ಬಂದೀತು?

ಹ್ಯಾಟು ಹಾಕಿದ ಕಾರಿನ ಮುದುಕ ಮಾಲೀಕ ಚಹಾದ ಗ್ಲಾಸು ಕೆಳಗಿಟ್ಟು ಓಡಿ ಬಂದು ಅವರನ್ನು ಅಪ್ಪಿಕೊಂಡ. ಪುಣೆ ಬಿಟ್ಟ ಮೇಲೆ ತನ್ನ ಕಾರನ್ನು ಗುರುತಿಸಿದ ಮೊದಲ ಮನುಷ್ಯ ಇವರೆಂದು ಹಿಂದಿಯಲ್ಲಿ ಸಾರಿದ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಅಂದಾನೆಪ್ಪನವರಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಪತ್ರಿಕೆಯವನೊಬ್ಬ ಫೋಟೋ ತೆಗೆದ. ಮೂರನೆಯ ದಿನ ಹಾರ ಹಾಕಿದ ಅಮೇರಿಕನ್ ಕಾರಿನ ಪಕ್ಕದಲ್ಲಿ ಹಾರವಿಲ್ಲದ ಅಂದಾನೆಪ್ಪನವರು ಬೆಳಗಾವಿ ಜಿಲ್ಲೆಯ ತುಂಬಾ ಕಾಣಿಸಿಕೊಂಡರು.

ಬೈಲಹೊಂಗಲದಲ್ಲಿ ಹತ್ತಿಯ ದಲಾಲಿ ಮಾಡುತ್ತಿದ್ದ ಚನಮಲ್ಲಪ್ಪನವರ ಅಂಗಡಿಯ ಕಟ್ಟೆ ಎಂಬುದೊಂದಿತ್ತು. ಹತ್ತಿಯ ವ್ಯಾಪಾರ ಮೆರೆದ ಕಾಲದಲ್ಲಿ ಅದರ ಮುಂದೆ ಅಮೇರಿಕನ್ ಕಾರುಗಳು ನಿಲ್ಲುತ್ತಿದ್ದವಂತೆ. ಈಗ ಕಾರುಗಳಿರಲಿಲ್ಲ, ನೆನಪುಗಳು ನಿಲ್ಲುತ್ತಿದ್ದವು. ದಿನಾ ಸಂಜೆ ಚನಮಲ್ಲಪ್ಪನವರೂ ನಿವೃತ್ತ ಡ್ರಾಯಿಂಗ್ ಮಾಸ್ತರ ಲಕ್ಕಪ್ಪನವರೂ ಅಲ್ಲಿ ಕೂತು, ನಲವತ್ತು ವರ್ಷದ ಹಿಂದೆ ಹಾದುಹೋದ ಕಾರುಗಳನ್ನು ಒಂದೊಂದಾಗಿ ಗುರುತಿಸುತ್ತಿದ್ದರು. ಪತ್ರಿಕೆ ಬಂದ ದಿನವೇ ಅಂದಾನೆಪ್ಪನವರನ್ನು ಮನೆಯಿಂದ ಎಬ್ಬಿಸಿಕೊಂಡು ಹೋಗಿ ಕಟ್ಟೆಯ ನಡುವೆ ಕೂರಿಸಿದರು.

"ನಮ್ಮಪ್ಪನ ಬ್ಯೂಕ್ ಬಂತಂದ್ರ ಪ್ಯಾಟಿ ಮಂದಿ ತಕ್ಕಡಿ ಬಿಟ್ಟು ಹೊರಗ ಬರತಿದ್ರು," ಎಂದರು ಚನಮಲ್ಲಪ್ಪ.

"ಅದು ಬ್ಯೂಕ್ ಅಲ್ಲರಿ, ಶೆವರ್ಲೆ. ಬ್ಯೂಕಿಗೆ ಮಗ್ಗಲಾಗ ಸಾಲಾಗಿ ತೂತ ಇರತಾವು."

"ನಮ್ಮ ಗಾಡಿಗೆ ತೂತ ಇದ್ದವು ಮಾಸ್ತರ."

"ಅವು ಜಂಗ ತಿಂದ ತೂತ ಇರಬೇಕು."

ಇಬ್ಬರೂ ತೀರ್ಪಿಗಾಗಿ ಅಂದಾನೆಪ್ಪನವರ ಕಡೆ ತಿರುಗಿದರು. ಅವರು ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದು, "ಅದರ ಗತ್ತ ಬ್ಯಾರೆ ಇತ್ತು ಬಿಡ್ರಿ," ಎಂದರು. ತೀರ್ಪು ತಮ್ಮ ಕಡೆಗಾಯಿತೆಂದು ಇಬ್ಬರೂ ತೃಪ್ತರಾದರು. ಆ ಒಂದು ವಾಕ್ಯದ ಬಲದ ಮೇಲೆ ಅಂದಾನೆಪ್ಪನವರು ವರ್ಷದ ಮೇಲೆ ಪಾಂಡಿತ್ಯ ನಡೆಸಿದರು. ಕಟ್ಟೆಯಲ್ಲಿ ಕೇಳಿ ಕೇಳಿ ನಾಲ್ಕು ಹೆಸರುಗಳೂ ಬಾಯಿಗೆ ಬಂದವು. ಲಕ್ಕಪ್ಪ ಮಾಸ್ತರರು ವಾರಕ್ಕೊಮ್ಮೆಯಾದರೂ, ತಾವು ಹರೆಯದಲ್ಲಿ ಒಂದೇ ಒಂದು ಸಲ ಕೂತಿದ್ದ ಡಿಸೋಟೊ ಎಂಬ ಕಾರಿನ ಕಥೆಯನ್ನು ಮೊದಲಿನಿಂದ ಹೇಳುತ್ತಿದ್ದರು.

ಈ ನಡುವೆ ಅಂದಾನೆಪ್ಪನವರ ಮಗಳು ಉಮಾಶ್ರೀಗೆ ಗಂಡು ಗೊತ್ತಾಯಿತು. ರಾಮದುರ್ಗ ತಾಲೂಕಿನ ಕಟಕೋಳದ ಮಹಾಂತಪ್ಪನವರ ಮಗ ಕಲ್ಮೇಶ. ಸಂಬಂಧ ಕುದುರಿಸಿದವಳು ಅಂದಾನೆಪ್ಪನವರ ಹೆಂಡತಿ ಗುರವ್ವನ ತಂಗಿ ನಾಗರತ್ನಾ. ಇವಳು ಮಹಾಂತಪ್ಪನವರ ತಮ್ಮ ಪರಪ್ಪನ ಹೆಂಡತಿ. ಅಣ್ಣತಮ್ಮಂದಿರು ಮಾತು ಬಿಟ್ಟು ಹತ್ತು ವರ್ಷದ ಮೇಲಾಗಿತ್ತು. ಮನೆಯ ನಡುವೆ ಗೋಡೆ ಎದ್ದಿತ್ತು. ಆದರೆ ಹೆಂಗಸರು ಗೋಡೆಯ ಮೇಲಿಂದ ಉಪ್ಪಿನಕಾಯಿಯನ್ನೂ ಸುದ್ದಿಯನ್ನೂ ದಾಟಿಸುತ್ತಿದ್ದರು. ಹಾಗೆಯೇ ಉಮಾಶ್ರೀಯೂ ದಾಟಿದ್ದಳು.

ಮಾತು ಬಿಡಲು ಕಾರಣ ಒಂದು ಕಾರು. ಅವರ ತಂದೆ ಹಿಂದಿನ ಕಾಲದಲ್ಲಿ ಮುಂಬಯಿಯಿಂದ ಎರಡು ಕರಿ ಕಾರುಗಳನ್ನು ತಂದಿದ್ದರು, ಒಂದು ಪ್ಲಿಮತ್, ಒಂದು ಡಾಜ್. ಮಕ್ಕಳು ಧಾರವಾಡದಲ್ಲಿ ಓದುತ್ತಿದ್ದಾಗ ಅವುಗಳಲ್ಲಿ ಒಂದನ್ನು ಮಾರಿದರು. ಸಾಯುವ ಮುಂದೆ ಮಾತ್ರ ಐದು ಜನರ ಎದುರು, "ದೊಡ್ಡಾವಗ ಪ್ಲಿಮತ್, ಸಣ್ಣಾವಗ ಡಾಜ್," ಎಂದು ಹೇಳಿ ಕಣ್ಣು ಮುಚ್ಚಿದರು. ಆ ಹೊತ್ತಿನಲ್ಲಿ ಮನುಷ್ಯ ಇದ್ದದ್ದನ್ನೂ ಇಲ್ಲದ್ದನ್ನೂ ಒಟ್ಟಿಗೇ ಹಂಚಿಬಿಡುತ್ತಾನೆ. ದನದ ಕೊಟ್ಟಿಗೆಯಲ್ಲಿ ಉಳಿದಿದ್ದ ಕಾರು ಯಾವುದು? ಅದರ ಮೇಲೆ ಹೆಸರೇ ಇರಲಿಲ್ಲ. ಹೊಲ ಹಂಚಿಕೆಯಾಯಿತು, ಮನೆ ಹಂಚಿಕೆಯಾಯಿತು. ಕಾರು ಮಾತ್ರ ಹೊಟ್ಟಿನ ಮೂಟೆಗಳ ನಡುವೆ ಹಾಗೆಯೇ ನಿಂತಿತು.

ಮದುವೆಗೆ ತಿಂಗಳಿರುವಾಗ ಮಹಾಂತಪ್ಪನವರು ಬೈಲಹೊಂಗಲಕ್ಕೆ ಬಂದರು. ಚಹಾ ಮುಟ್ಟಲಿಲ್ಲ.

"ಬೀಗರ, ನನ್ನ ಮಗ ನಮ್ಮಪ್ಪನ ಪ್ಲಿಮತ್‌ನಾಗ ಮದಿವಿಗೆ ಬರಬೇಕು. ಅದು ನನ್ನ ಹಟ. ನಮ್ಮ ತಮ್ಮ ಅನ್ನಾಂವ ಅದು ಡಾಜ್ ಐತಿ, ಗಾಲಿ ತಿರಗಿಸಿದ್ರ ಅಡ್ಡ ಮಲಗತೇನಿ ಅಂತಾನು. ನೀವ ಬಂದು ನೋಡಿ ಹೇಳಬೇಕು. ಪೇಪರಿನಾಗ ಬಂದಾವ್ರು ನೀವು."

"ನಾ... ಅಂದ್ರ, ಹೆಣ್ಣಿನ ಕಡ್ಯಾವನು..."

"ಅದಕ್ಕ ನೀವ ಹೇಳಬೇಕು. ಪ್ಲಿಮತ್ ಅಂತ ಹೇಳಿದ್ರ ಮುಂದಿನ ಮಾತು."

ಆ ಮಾತಿನ ಕೊನೆಯ ಭಾಗ ಮನೆಯಲ್ಲಿ ಬಹಳ ಹೊತ್ತು ನಿಂತಿತು. ಅವರು ಹೋದ ಮೇಲೆ ಮುಂದಿನ ಬಸ್ಸಿಗೆ ನಾಗರತ್ನಾ ಬಂದಳು. ಬಂದವಳೇ ಅಕ್ಕನ ಕೊರಳಿಗೆ ಬಿದ್ದಳು.

"ಅಕ್ಕಾ, ಮಾಮಾ ಅದನ್ನ ಪ್ಲಿಮತ್ ಅಂದ್ರ ನಮ್ಮನಿಯವ್ರು ನನ್ನ ತವರಮನಿಗೆ ಕಳಸ್ತೇನಿ ಅಂದಾರ. ನಾ ಬಂದು ಇಲ್ಲೇ ಇರಾಕಿ ನೋಡ."

ಗುರವ್ವ ಗಂಡನ ಕಡೆ ತಿರುಗಿದಳು. "ಕೇಳಿದ್ರಿಲ್ಲ? ನನ್ನ ತಂಗಿ ಸಂಸಾರ ಕೆಡಬಾರದು. ನನ್ನ ಮಗಳ ಮದಿವಿ ತಪ್ಪಬಾರದು. ಅಷ್ಟ ನೋಡ್ಕೊಂಡು ಖರೇ ಏನೈತಿ ಅದನ್ನ ಹೇಳಿ ಬರ್ರಿ."

"ಗುರವ್ವಾ, ನನಗ..."

"ನಿಮಗ ಗೊತ್ತಿಲ್ಲದ ಅಮೇರಿಕಾ ಕಾರ ಐತೇನು? ವರ್ಷಾತು ಆ ಕಟ್ಟಿ ಮ್ಯಾಲ ಕುಂತೀರಿ."

ಅಂದಾನೆಪ್ಪನವರು ಅಂದು ರೊಟ್ಟಿ ಉಣ್ಣಲಿಲ್ಲ.

ರವಿವಾರ ಒಂದು ಬಾಡಿಗೆ ಜೀಪಿನಲ್ಲಿ ಪರೀಕ್ಷಾ ಮಂಡಳಿ ಕಟಕೋಳಕ್ಕೆ ಹೊರಟಿತು. ಚನಮಲ್ಲಪ್ಪನವರು ಕರಿ ಟೊಪ್ಪಿಗೆ ಧರಿಸಿದ್ದರು. ಲಕ್ಕಪ್ಪ ಮಾಸ್ತರರು ಟಾರ್ಚು, ಅಳತೆಯ ಟೇಪು ತಂದಿದ್ದರು. ಗುರವ್ವ ಹಿಂದೆ ಕೂತಿದ್ದಳು. ನಡುವೆ ಅಂದಾನೆಪ್ಪನವರು, ಆಪರೇಷನ್ನಿಗೆ ಹೊರಟ ರೋಗಿಯ ಹಾಗೆ, ಯಾವ ಮಾತಿಗೂ ತಲೆಯಾಡಿಸುತ್ತಿದ್ದರು.

ಕೊಟ್ಟಿಗೆಯ ಮುಂದೆ ಊರೇ ನೆರೆದಿತ್ತು. ಒಂದು ಕಡೆ ಮಹಾಂತಪ್ಪನವರ ಕುರ್ಚಿಗಳು, ಇನ್ನೊಂದು ಕಡೆ ಪರಪ್ಪನ ಕುರ್ಚಿಗಳು. ಕಾರು ನಡುವೆ. ಬಣ್ಣ ಕರಿ ಹೋಗಿ ಬೂದಿಯಾಗಿತ್ತು, ಬಾನೆಟ್ಟಿನ ಮೇಲೆ ಕುಳ್ಳು ಬಡಿದ ಗುರುತಿತ್ತು. ಆದರೂ ಅದರ ಗುಂಡು ಹಣೆ, ಹಲ್ಲು ಕಿರಿದಂತಿದ್ದ ಜಾಲರಿ ನೋಡಿ ಚನಮಲ್ಲಪ್ಪನವರು ಟೊಪ್ಪಿಗೆ ತೆಗೆದರು.

"ಅಂದಾನೆಪ್ಪನವರ, ಅವರಿಗೆ ಹೇಳ್ರಿ," ಎಂದರು ಮಹಾಂತಪ್ಪ, ಮೂರು ಮಾರು ದೂರದಲ್ಲಿದ್ದ ತಮ್ಮನನ್ನು ನೋಡದೆ, "ಹೆಸರು ಕಿತ್ತ ತೂತ ಎಣಿಸಿದ್ರ ಮುಗೀತು. ಪ್ಲಿಮತ್ತಿಗೆ ಇಂಗ್ಲೀಷಿನಾಗ ಎಂಟು ಅಕ್ಷರ."

"ಅಂದಾನೆಪ್ಪಣ್ಣಾರ, ಅವರಿಗೂ ಹೇಳ್ರಿ," ಎಂದ ಪರಪ್ಪ, "ಡಾಜಿಗೆ ಐದು. ಎಣಸ್ರಿ."

ಮಾಸ್ತರರು ಟಾರ್ಚು ಹಿಡಿದು ಎಣಿಸಿದರು. ಎಲ್ಲಿ ಹೆಸರಿನ ತೂತು ಮುಗಿದು ಎಲ್ಲಿ ತುಕ್ಕಿನ ತೂತು ಶುರುವಾಯಿತೋ ತಿಳಿಯಲಿಲ್ಲ. ಅಣ್ಣನ ಕಡೆಯವರು ಎಣಿಸಿದಾಗ ಎಂಟಾಯಿತು, ತಮ್ಮನ ಕಡೆಯವರು ಎಣಿಸಿದಾಗ ಐದಾಯಿತು. ಟೇಪು ಹಿಡಿದು ಉದ್ದ ಅಳೆದರು. ಅದನ್ನು ಯಾವುದರ ಜೊತೆ ಹೋಲಿಸಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಇಂಜಿನ್ನಿನ ನಂಬರು ನೋಡೋಣವೆಂದರೆ ಅಲ್ಲಿ ಇಲಿಗಳು ಅಚ್ಚುಕಟ್ಟಾಗಿ ಮನೆ ಮಾಡಿದ್ದವು. ಕೊನೆಗೆ ಎಲ್ಲ ಮುಖಗಳೂ ಅಂದಾನೆಪ್ಪನವರ ಕಡೆ ತಿರುಗಿದವು. ಎಡಕ್ಕೆ ಬೀಗರು ಮೀಸೆಯ ಮೇಲೆ ಕೈಯಿಟ್ಟಿದ್ದರು. ಬಲಕ್ಕೆ ನಾಗರತ್ನಾ ಆಗಲೇ ಸೆರಗು ಬಾಯಿಗೆ ಹಿಡಿದಿದ್ದಳು.

"ಕೆಳಗಿಂದ ನೋಡಬೇಕು," ಎಂದರು ಅಂದಾನೆಪ್ಪ.

ಧೋತರ ಎತ್ತಿ ಕಟ್ಟಿ, ಕಾರಿನ ಅಡಿಗೆ ತೆವಳಿಕೊಂಡು ಹೋದರು. ಹೋದವರು ಹೊರಗೆ ಬರಲಿಲ್ಲ.

"ಅಮೇರಿಕಾ ಗಾಡಿ ಕೆಳಗಿಂದನ ತಿಳೀತಾವು," ಎಂದು ಚನಮಲ್ಲಪ್ಪನವರು ಜನರಿಗೆ ವಿವರಿಸಿದರು. ಜನ ಒಪ್ಪಿದರು. ಸ್ವಲ್ಪ ಹೊತ್ತಾಯಿತು. ಕೆಲವರು ಬೀಡಿ ಹಚ್ಚಿದರು. ಎರಡೂ ಕಡೆಯಿಂದ ಚಹಾ ಬಂತು. "ಭಾಳ ಆಳಕ್ಕ ಇಳದಾರ," ಎಂದ ಒಬ್ಬ ಗೌರವದಿಂದ.

ಒಳಗೆ ಅಂದಾನೆಪ್ಪನವರು ಅಂಗಾತ ಮಲಗಿ ಕಣ್ಣು ಮುಚ್ಚಿಕೊಂಡಿದ್ದರು. ಪಕ್ಕದಲ್ಲಿ ಹೊಟ್ಟಿನ ಮೇಲೆ ಒಂದು ಬೆಕ್ಕು ಮೂರು ಮರಿಗಳನ್ನು ಹಾಕಿಕೊಂಡು ಮಲಗಿತ್ತು. ಅದು ಮೊದಲು ಇವರನ್ನು ನೋಡಿ ಗುರುಗುಟ್ಟಿತು. ಆಮೇಲೆ ಇದೂ ಓಡಿಬಂದ ಜೀವವೆಂದು ತಿಳಿದೋ ಏನೋ ಸುಮ್ಮನಾಯಿತು. ಆಗ ಹಿಂಬದಿಯಿಂದ, ಜನರಿಲ್ಲದ ಕಡೆಯಿಂದ, ಒಂದು ಹಾಲಿನ ಬಟ್ಟಲೂ ಅದರ ಹಿಂದೆ ಒಂದು ಮುದಿ ಮುಖವೂ ಬಗ್ಗಿ ಬಂದವು. ಅಣ್ಣತಮ್ಮಂದಿರ ತಾಯಿ ಶೆಟ್ಟೆವ್ವ.

"ಯಾರಪಾ ಅದು?"

"ನಾ ಯವ್ವಾ, ಹೆಣ್ಣಿನ ಅಪ್ಪ. ಪರೀಕ್ಷಾ ಮಾಡಾಕತ್ತೇನ್ರಿ."

"ಕಣ್ಣ ಮುಚ್ಚಿ ಮಾಡತಾರೇನು?"

ಅಂದಾನೆಪ್ಪನವರಿಗೆ ತಡೆಯಲಾಗಲಿಲ್ಲ. "ಯವ್ವಾ, ನಿಮ್ಮ ಪಾದಕ್ಕ ಬೀಳತೇನ್ರಿ. ನನಗ ಕಾರಿಂದು ಏನೂ ತಿಳಿಯಂಗಿಲ್ಲ. ಕಿತ್ತೂರಾಗ ಹಿಂದ ಬರದದ್ದು ಓದಿ ಹೇಳಿದ್ನಿ. ಆವತ್ತಿನಿಂದ ಮಂದಿ ನನ್ನ ಬಿಡವಲ್ರು. ಈಗ ಏನಂದ್ರೂ ಒಂದ ಮನಿ ಒಡೀತೈತಿ."

ಶೆಟ್ಟೆವ್ವ ಬಟ್ಟಲನ್ನು ಬೆಕ್ಕಿನ ಮುಂದೆ ಸರಿಸಿದಳು. ಆಶ್ಚರ್ಯಪಡಲಿಲ್ಲ.

"ಇಲ್ಲೂ ಬರದಿತ್ತಪಾ. ನಾನ ಕಿತ್ತ ಬಾವ್ಯಾಗ ಒಗದ್ನಿ. ಹುಡುಗರಿದ್ದಾಗ ನಂದು ಪ್ಲಿಮತ್, ನಂದು ಡಾಜ್ ಅಂತ ತೆಲಿ ಒಡಕೊಂತಿದ್ರು. ಒಂದಿನ ಸಿಟ್ಟ ಬಂದು ಎರಡು ಗಾಡೀ ಹೆಸರೂ ಕಿತ್ತ ಹಾಕಿದ್ನಿ. ಆಮ್ಯಾಲ ಯಾವದು ಯಾವದಂತ ಯಾರಿಗೂ ತಿಳೀಲಿಲ್ಲ. ಒಂದ ಅಚ್ಚಿನಾಗಿನ ಎರಡು ಬೆಲ್ಲದ ಪೆಂಟಿ ಇದ್ದಂಗ ಇದ್ದವು. ನಮ್ಮ ಯಜಮಾನ್ರು ಸೈತ ಕೀಲಿ ಹಾಕಿ ನೋಡತಿದ್ರು, ತಿರಗಿದ್ರ ಇದು ಆ ಗಾಡಿ ಅಂತಿದ್ರು."

"ಇಷ್ಟ ದಿನಾ ಯಾಕ ಹೇಳಲಿಲ್ಲ ಯವ್ವಾ?"

"ಹೇಳಿದ್ರ ಇಬ್ಬರೂ ಕೂಡಿ ನನ್ನ ಜೋಡಿ ಮಾತ ಬಿಡತಿದ್ರು. ಈಗ ಒಬ್ಬೊಬ್ಬರಾಗಿಯರ ಬಂದು ಮಾತಾಡಸ್ತಾರು." ಮುದುಕಿ ಒಂದು ಮರಿಯನ್ನು ಬಟ್ಟಲಿನ ಕಡೆ ಸರಿಸಿದಳು. "ಇಬ್ಬರಾಗ ಯಾರದಂದ್ರೂ ಇನ್ನೊಬ್ಬಾವ ನಾ ಸತ್ತರೂ ಆ ಮನಿಗೆ ಬರಂಗಿಲ್ಲ. ಅಲ್ಲಪಾ, ಅಮೇರಿಕಾ ಅಷ್ಟ ದೊಡ್ಡ ದೇಶ ಅಂತಾರು. ಅಲ್ಲಿ ಮೂರನೇ ಕಾರ ಇಲ್ಲೇನು?"

ಅಂದಾನೆಪ್ಪನವರು ಕಣ್ಣು ತೆರೆದರು.

ಹೊರಬಂದಾಗ ಅವರ ತಲೆಯ ತುಂಬಾ ಹೊಟ್ಟು, ಮುಖದ ತುಂಬಾ ಜೇಡರ ಬಲೆ. ಯಾರೂ ನಗಲಿಲ್ಲ. ಅವರು ಧೋತರ ಇಳಿಬಿಟ್ಟು, ಬಸ್ಸು ಬಿಡುವ ಹೊತ್ತನ್ನು ಮೈಕಿನಲ್ಲಿ ಹೇಳುತ್ತಿದ್ದ ಆ ಹಳೆಯ ಗಂಭೀರ ದನಿಯಲ್ಲಿ ಹೇಳಿದರು:

"ಇದು ಪ್ಲಿಮತ್ ಅಲ್ಲ. ಡಾಜೂ ಅಲ್ಲ. ಇದು ಡಿಸೋಟೊ."

ಮಹಾಂತಪ್ಪನವರ ಕೈ ಮೀಸೆಯಿಂದ ಇಳಿಯಿತು. "ಹಂಗಂದ್ರ?"

"ಅಂದ್ರ ನೀವಿಬ್ಬರೂ ತಪ್ಪು."

"ಇಬ್ಬರೂ ಅಂದ್ರ ಅವರೂ?" ಎಂದ ಪರಪ್ಪ ಆಸೆಯಿಂದ.

"ಅವರೂ."

ಎಲ್ಲರೂ ಮಾಸ್ತರರನ್ನು ನೋಡಿದರು. ಲಕ್ಕಪ್ಪನವರು ಕಾರಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಬಾಗಿಲಿನ ಹಿಡಿಕೆ ಮುಟ್ಟಿದರು. "ಮೂರಕ್ಕೂ ಮೈಕಟ್ಟು ಒಂದ ನಮೂನಿ ಇರತಿತ್ತು. ಡಿಸೋಟೊ ಅಲ್ಲ ಅನ್ನಾಕ ಬರಂಗಿಲ್ಲ," ಎಂದವರೇ ಕಣ್ಣೊರೆಸಿಕೊಂಡರು. ತಜ್ಞನೊಬ್ಬ ಅತ್ತ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ.

"ಅವರಿಗೆ ಹೇಳ್ರಿ, ಡಿಸೋಟೊ ಯಾರಿಗಂತ ಅಪ್ಪ ಹೇಳಿಲ್ಲ," ಎಂದರು ಮಹಾಂತಪ್ಪ.

"ಯಾರಿಗೂ ಹೇಳದ್ದು ನಂದು," ಎಂದು ಹಿಂದಿನಿಂದ ಶೆಟ್ಟೆವ್ವ ಬಂದಳು. ಕೈಯಲ್ಲಿ ಖಾಲಿ ಬಟ್ಟಲಿತ್ತು. "ನನ್ನ ಮೊಮ್ಮಗ ಇದರಾಗ ಮದಿವಿಗೆ ಹೋಗತಾನು. ನಾನೂ ಹೋಗತೇನಿ. ನೀವಿಬ್ಬರೂ ಇದರಾಗ ಬರಬೇಕು. ಬರಲಿಲ್ಲಂದ್ರ ನಾನ ಗಾಲಿಗೆ ಅಡ್ಡ ಮಲಗತೇನಿ."

ಕಾರನ್ನು ಓಡಿಸುವಂತೆ ಮಾಡುವ ಭಾರ ಬೈಲಹೊಂಗಲದ ಮೆಕ್ಯಾನಿಕ್ ಬಾಳುವಿನ ಮೇಲೆ ಬಿತ್ತು. ಅವನು ಇಲಿಗಳ ಮನೆಯನ್ನೂ ಅಮೇರಿಕದ ಇಂಜಿನ್ನನ್ನೂ ಒಟ್ಟಿಗೇ ಇಳಿಸಿ, ಹಳೆ ಮಟಾಡೋರ್ ವ್ಯಾನಿನ ಡೀಸೆಲ್ ಇಂಜಿನ್ ಕೂರಿಸಿದ. ಸುದ್ದಿ ಕೇಳಿದ ಕಟ್ಟೆ ಒಂದು ದಿನ ಸೂತಕ ಆಚರಿಸಿತು. ಬೆಕ್ಕನ್ನೂ ಮರಿಗಳನ್ನೂ ಶೆಟ್ಟೆವ್ವ ಬುಟ್ಟಿಯಲ್ಲಿಟ್ಟು ಅಡುಗೆಮನೆಗೆ ಒಯ್ದಳು.

ಮದುವೆಯ ದಿನ ಬೈಲಹೊಂಗಲದ ಕಲ್ಯಾಣ ಮಂಟಪದಲ್ಲಿ ಎಲ್ಲವೂ ಇತ್ತು, ಗಂಡು ಇರಲಿಲ್ಲ. ಬೀಗರ ಕಡೆಯ ಟೆಂಪೋಗಳು ಬಂದು ಜನ ಉಪ್ಪಿಟ್ಟು ತಿಂದು ಕೈ ತೊಳೆದರೂ ಕಾರು ಕಾಣಲಿಲ್ಲ. "ಕಾರ ನಮ್ಮ ಹಿಂದನ ಇತ್ತಲ್ರಿ," ಎಂದು ಎಲ್ಲರೂ ಹೇಳಿದರು. ಗುರವ್ವ ಗಂಡನ ಬಳಿ ಬಂದು ಮೆಲ್ಲಗೆ, "ನಿಮ್ಮ ಡಿಸೋಟೊ ಎಲ್ಲೈತಿ?" ಎಂದಳು. ಮದುಮಗಳು ಉಮಾಶ್ರೀ ಒಳಗಿನಿಂದ ಇಣುಕಿ ಅಪ್ಪನನ್ನು ನೋಡಿದಳು. ಅಂದಾನೆಪ್ಪನವರು ಲಕ್ಕಪ್ಪ ಮಾಸ್ತರರ ಲೂನಾದ ಹಿಂದೆ ಕೂತು ಕಟಕೋಳದ ಕಡೆಯ ಯರಗಟ್ಟಿ ರಸ್ತೆ ಹಿಡಿದರು. ತಲೆಯ ಮೇಲೆ ಮದುವೆಯ ರುಮಾಲು, ತೊಡೆಯ ಮೇಲೆ ಎರಡು ಕೈ. ಲೂನಾ ಏರಿನಲ್ಲಿ ಉಸಿರು ಬಿಟ್ಟಾಗೆಲ್ಲ ಇಳಿದು ಓಡಿದರು.

ಹಾದಿಯ ನಡುವೆ, ಹುಣಸಿ ಮರದ ನೆರಳಲ್ಲಿ, ಹೊಸ ಬಣ್ಣ ಬಳಿದ ಕರಿ ಕಾರು ಬಾಯಿ ತೆರೆದು ನಿಂತಿತ್ತು. ಬಾಳು ಅದರ ಬಾಯಿಯೊಳಗೆ ಸೊಂಟದ ತನಕ ಇಳಿದಿದ್ದ. ಮುಂದಿನ ಸೀಟಿನಲ್ಲಿ ಮದುಮಗ ಕಲ್ಮೇಶ ಬಾಸಿಂಗ ಕಟ್ಟಿಕೊಂಡು ಅಲ್ಲಾಡದೆ ಕೂತಿದ್ದ. ಹಿಂದೆ ಶೆಟ್ಟೆವ್ವ. ಹೊರಗೆ, ರಸ್ತೆಯ ಎರಡು ಅಂಚಿನಲ್ಲಿ, ರೇಷ್ಮೆ ರುಮಾಲಿನ ಅಣ್ಣತಮ್ಮಂದಿರು.

"ಬಾಳು, ಅವರಿಗೆ ದಬ್ಬಾಕ ಹೇಳು," ಎನ್ನುತ್ತಿದ್ದರು ಮಹಾಂತಪ್ಪ.

"ಬಾಳು, ಅವರಿಗೂ ಕೈ ಅದಾವು ಅಂತ ಹೇಳು."

ಬಾಳು ಸ್ಪ್ಯಾನರು ಕಚ್ಚಿಕೊಂಡೇ ಒಳಗಿನಿಂದ ಕೂಗಿದ. "ನೀವ ನೀವ ಹೇಳ್ಕೋರಿ ಮಾಲಕರ! ನನ್ನ ಬಾಯಾಗ ಪಾನಾ ಐತಿ!"

ಆಮೇಲೆ ಮಹಾಂತಪ್ಪನವರ ಕೊರಳಿನ ನರ ಉಬ್ಬಿತು. ಇಷ್ಟು ವರ್ಷ ಹಿಡಿದಿಟ್ಟದ್ದು ಒಮ್ಮೆಲೇ ಹೊರಬಿತ್ತು.

"ಲೇ ಪರ್ಯಾ! ದಬ್ಬೋ ಅಂದ್ರ ದಬ್ಬಬೇಕು!"

"ನಾನ ಯಾಕ ದಬ್ಬಲಿ? ಸಣ್ಣಾಂವ ಇದ್ದಾಗಿಂದ ನೀ ಒಳಗ ಕುಂಡ್ರಾಂವ, ನಾ ದಬ್ಬಾಂವ!"

"ನಿನಗ ಸ್ಟೇರಿಂಗ್ ಕೊಟ್ಟಿದ್ನೆಲ್ಲ, ಎತ್ತಿನ ಗ್ವಾದ್ಲಿಗೆ ಹೊಡದಿ!"

"ಹೊಡದಾಂವ ನೀ! ಏಟ ತಿಂದಾಂವ ನಾ!"

ಲೂನಾದಿಂದ ಇಳಿದ ಅಂದಾನೆಪ್ಪನವರು ಇಬ್ಬರ ನಡುವೆ ಕೈಮುಗಿದು ನಿಂತರು. ಇಬ್ಬರೂ ಅವರನ್ನು ಬೇಲಿಯ ಗೂಟದಂತೆ ಬಳಸಿಕೊಂಡು ಆಚೆಯಿಂದ ಈಚೆಯಿಂದ ಬೈದರು.

"ನಾ ಟೈಫಾಯ್ಡ್ ಬಂದು ಮಲಗಿದ್ನಿ. ಗ್ವಾಡಿ ಆಚೆ ನೀ ಇದ್ದಿ. ಒಂದಿನಾರ ಹ್ಯಾಂಗದೀಪಾ ಅಂದೇನು?" ಎಂದ ಪರಪ್ಪ.

"ರಾಮದುರ್ಗದ ಡಾಕ್ಟರು ಕರೀದ ನಿಮ್ಮನಿಗೆ ತಾನ ಬಂದ್ನೇನೋ? ಅವನ್ನ ಜೀಪಿನಾಗ ಕೂಡಿಸಿ ಕಳಿಸಿದಾಂವ ಯಾರು?"

ಪರಪ್ಪ ಅಂದಾನೆಪ್ಪನವರನ್ನು ಪಕ್ಕಕ್ಕೆ ಸರಿಸಿದ. "ನೀ ಕಳಿಸಿದ್ದಿ?"

"ಮತ್ತ ನಿಮ್ಮ ಮಾವನ?"

"ಹಂಗಾರ ಹೇಳಬಾರದೇನು?"

"ಹ್ಯಾಂಗ ಹೇಳ್ಲೋ, ಮಾತ ಬಿಟ್ಟಿದ್ವೆಲ್ಲ!"

"ಬಿಟ್ಟಾಂವ ನೀ!"

"ನಾ ಯಾವಾಗ ಬಿಟ್ಟೆ? ಮೊದಲ ಬಿಟ್ಟಾಂವ ನೀ!"

ಜಗಳ ಮತ್ತೆ ಮೊದಲಿನಿಂದ ಹೊಸ ಹುರುಪಿನಲ್ಲಿ ಶುರುವಾಯಿತು. ಅಷ್ಟರಲ್ಲಿ ಬಾಳು ಬಾಯಿಂದ ಪಾನಾ ತೆಗೆದು, ಒಳಗೆ ಬಂದು ಕೀಲಿ ತಿರುವಿದ. ಕಾರು ಒಮ್ಮೆ ಕೆಮ್ಮಿ, ನಡುಗಿ, ಗಡಗಡನೆ ಚಾಲೂ ಆಯಿತು. ಆ ಸದ್ದಿಗೆ ಅಣ್ಣತಮ್ಮಂದಿರು ಗಕ್ಕನೆ ಸುಮ್ಮನಾದರು.

"ಏ ಬಾಳು," ಎಂದಳು ಶೆಟ್ಟೆವ್ವ ಹಿಂದಿನಿಂದ. "ಬಂದ್ ಮಾಡು."

"ಯವ್ವಾ, ಭಾಳ ಕಷ್ಟದಿಂದ ಹತ್ತೇತ್ರಿ."

"ಬಂದ್ ಮಾಡಂದ್ನಿ."

ಬಾಳು ಕಲ್ಮೇಶನ ಮುಖ ನೋಡಿ ಕೀಲಿ ತಿರುವಿದ. ಕಾರು ನಿಂತಿತು. "ಮತ್ತ ಕೆಡ್ತೇನಲೇ?" ಎಂದು ಹೊರಗಿನಿಂದ ಮಹಾಂತಪ್ಪನವರು ಕೇಳಿದರು. ಬಾಳು ಮತ್ತೆ ಬಾನೆಟ್ಟಿನೊಳಗೆ ಬಗ್ಗಿದ. "ನೀ ದಬ್ಬಿದ್ರ ಕೆಡತಿರಲಿಲ್ಲ," ಎಂದು ತಮ್ಮನಿಗೆ ಹೇಳಿದರು. "ನಾನ ದಬ್ಬಬೇಕೇನು?" ಎಂದು ಅವನು ತಿರುಗಿದ. ಇಬ್ಬರೂ ಮಾತಾಡುತ್ತಲೇ ಮರದ ಬುಡಕ್ಕೆ ಹೋಗಿ ಕೂತರು.

ಶೆಟ್ಟೆವ್ವ ಕಿಟಕಿಯಿಂದ ಅಂದಾನೆಪ್ಪನವರಿಗೆ ಕೈ ಮಾಡಿದಳು. "ತಮ್ಮಾ, ಅಕ್ಕಿಕಾಳು ಎಷ್ಟೊತ್ತಿಗೆ?"

"ಮುಹೂರ್ತ ಹನ್ನೆರಡೂವರಿಗೆ ಯವ್ವಾ. ಅಲ್ಲಿ ಮಂದಿ ಎಲ್ಲಾ ಕಾಯಾಕತ್ತಾರ. ಮಗಳು..."

"ಟೈಮ್ ಐತಿ. ಒಳಗ ಬಾ, ಕುಂಡ್ರು."

ಅಂದಾನೆಪ್ಪನವರು ಬಾಗಿಲು ತೆರೆದು ಒಳಗೆ ಕೂತರು. ಸೀಟು ಅವರನ್ನು ಸೊಂಟದ ತನಕ ನುಂಗಿತು. ಜನ್ಮದಲ್ಲಿ ಮೊದಲ ಸಲ ಅಮೇರಿಕದ ಕಾರಿನಲ್ಲಿ ಕೂತಿದ್ದರು. ಮರದ ಕೆಳಗೆ ಮಹಾಂತಪ್ಪನವರು ಯಾವುದೋ ಹಳೆಯ ಮಾತಿಗೆ ತೊಡೆ ತಟ್ಟಿ ಸುಳ್ಳು ಎನ್ನುತ್ತಿದ್ದರು. ಪರಪ್ಪ ಅಪ್ಪನ ಆಣೆ ಮಾಡುತ್ತಿದ್ದ. ಮುದುಕಿ ತಲೆಯನ್ನು ಸೀಟಿಗೆ ಒರಗಿಸಿ ಕಣ್ಣು ಮುಚ್ಚಿದಳು.

"ಯವ್ವಾ, ಹೇಳೂಣಲ್ಲ? ಹೋಗೂಣ ಅಂತ?"

"ಇನ್ನೊಂದೀಟ ತಡಿಯೋ," ಎಂದಳು ಶೆಟ್ಟೆವ್ವ. "ಚಾಲೂ ಮಾಡಿದ್ರ ಇವರ ಮಾತ ಕೇಳಂಗಿಲ್ಲ."